ಉಪದೇಶಕನ ದವಡೆಹಲ್ಲು

ಹಲ್ಲಿನ ವಿಷಯದಲ್ಲಿ ಇಡೀ ಊರಿಗೆ ಬುದ್ಧಿ ಹೇಳುತ್ತಿದ್ದ ವೆನಾನ್ಸಿಯೊ ಹುಟ್ಟಿದಾರಭ್ಯ ತನ್ನ ಬಾಯನ್ನು ಯಾವ ದಂತವೈದ್ಯರಿಗೂ ತೆರೆದು ತೋರಿಸಿದವನಲ್ಲ. ಇದು ಊರಿಗೆ ಗೊತ್ತಿರಲಿಲ್ಲ. ಹೆಂಡತಿ ನಿಮಿಯಾಗೂ ಗೊತ್ತಿರಲಿಲ್ಲ. ಗೊತ್ತಿದ್ದುದು ಆ ಬಾಯಿಯೊಂದಕ್ಕೇ. ಅದು ಬೇರೆಯವರ ಬಾಯಿಯ ಬಗ್ಗೆ ಮಾತಾಡುವುದರಲ್ಲಿ ಮುಳುಗಿತ್ತು.

ಊರಿಗೊಂದು ರೇಡಿಯೊ ಇತ್ತು. ಚರ್ಚಿನ ಹಿಂದೆ ಒಂದು ಕೋಣೆ, ಕೋಣೆಯ ಮೇಲೊಂದು ಕಂಬ, ಕೋಣೆಯೊಳಗೆ ವೆನಾನ್ಸಿಯೊ. ಆರೋಗ್ಯ ಕೇಂದ್ರದ ದಂತವೈದ್ಯೆ ಡಾಕ್ಟರಮ್ಮ ಸುನಿಲ್ದಾ ವಾರಕ್ಕೊಂದು ಹಾಳೆ ಬರೆದು ಕಳಿಸುತ್ತಿದ್ದರು. ದಿನಕ್ಕೆ ಎರಡು ಸಲ ಹಲ್ಲುಜ್ಜಿ. ಮಕ್ಕಳ ಬ್ರಷ್ಷಿಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ಹೇಗೂ ಬೀಳುವುದೆಂದು ಹಾಲುಹಲ್ಲನ್ನು ಕಡೆಗಣಿಸಬೇಡಿ. ಸಿಹಿ ತಿಂದು ಹಾಗೇ ಮಲಗಬೇಡಿ. ನೋವಿರಲಿ ಇಲ್ಲದಿರಲಿ, ಆರು ತಿಂಗಳಿಗೊಮ್ಮೆ ಮನೆಮಂದಿಯೆಲ್ಲ ಬಂದು ತೋರಿಸಿಕೊಳ್ಳಿ. ಡಾಕ್ಟರಮ್ಮ ಬರೆದದ್ದು ಇಷ್ಟು. ಒಗ್ಗರಣೆ ವೆನಾನ್ಸಿಯೊನದು.

"ನೋವು ಬಂದ ಮೇಲೆ ಡಾಕ್ಟರ ಬಾಗಿಲು ತಟ್ಟುವವನು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವನು!" ಎಂದು ಅವನು ಗುಡುಗುತ್ತಿದ್ದ. "ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುವ ಮನುಷ್ಯ ತನ್ನ ಬಾಯನ್ನು ಹಂದಿದೊಡ್ಡಿ ಮಾಡಿಕೊಂಡವನು! ಅಂಥವನಿಗೆ ಮಕ್ಕಳ ಮುಂದೆ ನಾಚಿಕೆಯಾಗಬೇಕು!"

ಮನೆಯಲ್ಲೂ ಬಿಡುತ್ತಿರಲಿಲ್ಲ. ಬೆಳಿಗ್ಗೆ ಅಂಗಳದ ನಲ್ಲಿಯ ಹತ್ತಿರ ಮೂವರು ಹೆಂಗಸರನ್ನು ಸಾಲಾಗಿ ನಿಲ್ಲಿಸುತ್ತಿದ್ದ: ನಿಮಿಯಾ, ಪುಟ್ಟ ಮಗಳು ಅರಾಮಿ, ಅತ್ತೆ ನ್ಯಾ ಎಲೊಡಿಯಾ. ಆ ಊರಲ್ಲಿ ಹಿರಿಯ ಹೆಂಗಸರ ಹೆಸರಿಗೆ 'ನ್ಯಾ', ಗಂಡಸರ ಹೆಸರಿಗೆ 'ಕರಾಯಿ' ಸೇರಿಸಿ ಗೌರವದಿಂದ ಕರೆಯುತ್ತಿದ್ದರು. ಅತ್ತೆಗೆ ಉಳಿದಿದ್ದುದು ಮೂರು ಹಲ್ಲು. ಆ ಮೂರನ್ನೂ ಹೇಗೆ ಉಜ್ಜಬೇಕೆಂದು ಅಳಿಯ ವಿವರಿಸುವಾಗ ಆಕೆ ಬಾಯಿ ಮುಕ್ಕಳಿಸಿ ಉಗಿದು ಹೇಳುತ್ತಿದ್ದಳು: "ಅಳಿಯ, ಈ ಮೂರೂ ನೀನು ಹುಟ್ಟೋಕೆ ಮುಂಚಿನವು. ಮರ್ಯಾದೆ ಕೊಟ್ಟು ಮಾತಾಡು."

ಅಂಥ ವೆನಾನ್ಸಿಯೊ ಆರೋಗ್ಯ ಕೇಂದ್ರದ ಮುಂದೆ ಬಂದಾಗ ಮಾತ್ರ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ. ಒಳಗಿನಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ಬರುತ್ತಿತ್ತು. ಬೇಸಿಗೆಯಲ್ಲಿ ಮಾವಿನಮರದ ಜೀರುಂಡೆಗಳೂ ಥೇಟ್ ಅದೇ ಸದ್ದು ಮಾಡುವುದರಿಂದ, ಆ ಸೀಮೆಗೆ ಬೇಸಿಗೆ ತರುವ ಡಿಸೆಂಬರ್ ಬಂತೆಂದರೆ ಅವನಿಗೆ ಊರಲ್ಲೆಲ್ಲೂ ನೆಮ್ಮದಿಯಿಲ್ಲ. ಚಿಕ್ಕವನಿದ್ದಾಗ, ಕುಲುಮೆಯವನೊಬ್ಬ ಇಕ್ಕಳ ಹಿಡಿದು ಇವನ ಸೋದರಮಾವನ ಹಲ್ಲು ಕಿತ್ತದ್ದನ್ನು ನೋಡಿದ್ದ. ಸೋದರಮಾವ ಬಾಯಿ ಒರೆಸಿಕೊಂಡು ಮನೆಗೆ ಹೋಗಿ ಊಟ ಮಾಡಿದ. ಹುಡುಗ ಮಾತ್ರ ಇನ್ನೂ ಆ ಕುಲುಮೆಯ ಬಾಗಿಲಲ್ಲೇ ನಿಂತಿದ್ದ.

ಹೀಗಿರಲು, ಒಂದು ಸೋಮವಾರ ಬೆಳಿಗ್ಗೆ ವೆನಾನ್ಸಿಯೊ ಹಿಂದಿನ ದಿನ ಸುಟ್ಟ ಚಿಪಾ ಕಚ್ಚಿದ. ಮರಗೆಣಸಿನ ಹಿಟ್ಟು, ಗಿಣ್ಣು ಕಲೆಸಿ ಸುಡುವ ಆ ಬಳೆರೊಟ್ಟಿ ಬಿಸಿಯಿದ್ದಾಗ ಬೆಣ್ಣೆ, ಮರುದಿನ ಜಲ್ಲಿಕಲ್ಲು. ಬಾಯೊಳಗೆ ಏನೋ ಕಟಕ್ಕೆಂದಿತು. ಚಿಪಾದ್ದೇ ಸದ್ದು ಎಂದು ತನಗೆ ತಾನೇ ಹೇಳಿಕೊಂಡ. ಹಂದಿದೊಡ್ಡಿಯ ಭಾಷಣ ಮುಗಿಸಿ ಕ್ರಿಸ್ಪಿನ್‌ನ ಪಂಕ್ಚರ್ ಅಂಗಡಿಗೆ ನಡೆದ.

ಕ್ರಿಸ್ಪಿನ್ ಅವನ ಬಾಲ್ಯದ ಗೆಳೆಯ. ಸಾಲದ್ದಕ್ಕೆ ಅರಾಮಿಯ ಜ್ಞಾನತಂದೆ. ಮಗಳಿಗೆ ದೀಕ್ಷಾಸ್ನಾನವಾದ ದಿನದಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕೊಂಪಾದ್ರೆ' ಎಂದೇ ಕರೆಯುತ್ತಿದ್ದರು. ಅಂಗಡಿ ಮುಂದಿನ ಮಾವಿನಮರದ ಕೆಳಗೆ ಬೆಳಿಗ್ಗೆ ತೆರೆರೆ ಕುಡಿಯುವವರ ವೃತ್ತ ಸೇರುತ್ತಿತ್ತು. ಹಸುವಿನ ಕೊಂಬಿನ ಲೋಟದಲ್ಲಿ ಸೊಪ್ಪು, ಅದರ ಮೇಲೆ ಮಂಜುಗಡ್ಡೆ ತೇಲುವ ನೀರು, ಹೀರಲು ಒಂದೇ ಒಂದು ಲೋಹದ ಕೊಳವೆ. ಸುರಿಯುವವನು ಕ್ರಿಸ್ಪಿನ್. ಮೊದಲು ತಾನು ಕುಡಿದು, ಮತ್ತೆ ತುಂಬಿ, ಬಲಕ್ಕೆ ಕೂತ ವೆನಾನ್ಸಿಯೊಗೆ ಕೊಡುತ್ತಿದ್ದ. ಅಲ್ಲಿಂದ ಕೊಂಬು ಎಲ್ಲರ ಬಾಯಿಗೂ ಹೋಗಿ ಬರುತ್ತಿತ್ತು. ಸಾಕಾದವನು ಕೊಂಬು ವಾಪಸು ಕೊಡುತ್ತ 'ಗ್ರಾಸಿಯಾಸ್', ಅಂದರೆ ಧನ್ಯವಾದ, ಎನ್ನುತ್ತಾನೆ. ಆಮೇಲೆ ಅವನಿಗೆ ಸರದಿ ಇಲ್ಲ. ಒಂದು ಗುಟುಕನ್ನೂ ಕುಡಿಯದೆ ಗ್ರಾಸಿಯಾಸ್ ಅಂದವರನ್ನು ಆ ಊರು ಕಂಡಿರಲಿಲ್ಲ. ಅಣ್ಣತಮ್ಮಂದಿರು ಕೋರ್ಟಿಗೆ ಹೋದರೂ ಬೆಳಿಗ್ಗೆ ಒಂದೇ ಕೊಳವೆಗೆ ಬಾಯಿ ಹಾಕಿಯೇ ಹೊರಡುತ್ತಿದ್ದರು.

ವೆನಾನ್ಸಿಯೊ ಹೀರಿದ. ನೀರು ದವಡೆಗೆ ತಾಗಿದ್ದೇ ತಡ, ಹಲ್ಲಿನಿಂದ ಹೊರಟ ಮಿಂಚು ಕಿವಿಯನ್ನು ಹಾದು, ನೆತ್ತಿಯನ್ನು ಸುತ್ತಿ, ಕಾಲಿನ ಹೆಬ್ಬೆರಳಿನವರೆಗೂ ಹೋಗಿ ಅದೇ ದಾರಿಯಲ್ಲಿ ವಾಪಸು ಬಂತು. ಕಣ್ಣಲ್ಲಿ ನೀರು ತುಂಬಿತು. ಸೊಪ್ಪು ಖಾರವಾಗಿದೆ ಎಂದು ಹೇಳಿ ಎದ್ದ.

ಮರುದಿನ ಕೊಂಬು ತನ್ನ ಕಡೆ ಬರುತ್ತಿರುವುದನ್ನು ಅವನು ನೋಡಿದ. ಒಳಗೆ ಮಂಜುಗಡ್ಡೆ ಕಲಕಲ ಎನ್ನುತ್ತಿತ್ತು.

"ಗ್ರಾಸಿಯಾಸ್," ಎಂದ.

ಕ್ರಿಸ್ಪಿನ್‌ನ ಕೈ ಗಾಳಿಯಲ್ಲೇ ನಿಂತಿತು. "ಏನು ಕೊಂಪಾದ್ರೆ, ಇನ್ನೂ ಬಾಯಿಗೇ ಇಟ್ಟಿಲ್ಲ?"

"ಗ್ರಾಸಿಯಾಸ್."

"ಹೊಟ್ಟೆ ಕೆಟ್ಟಿದ್ಯಾ?"

"ಇಲ್ಲ."

"ನನ್ಮೇಲೆ ಸಿಟ್ಟಾ?"

"ಛೆ ಛೆ."

"ಮತ್ತೆ?"

ಹಲ್ಲು ನೋವು ಎಂದರೆ ಎರಡೇ ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಹಂದಿದೊಡ್ಡಿಯ ವಿಷಯ ಊರಿನ ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು. ಅದಕ್ಕಿಂತ ಹೆಚ್ಚಾಗಿ, ನೋವು ಎಂದೊಡನೆ 'ನಡಿ ಡಾಕ್ಟರಮ್ಮನ ಹತ್ರ' ಎಂದು ಹತ್ತು ಕೈಗಳು ಏಳುತ್ತಿದ್ದವು. ವೆನಾನ್ಸಿಯೊ ರೇಡಿಯೊದ ದನಿ ತೆಗೆದ.

"ಬಾಯಿ ಅನ್ನೋದು ಬಹಳ ಸೂಕ್ಷ್ಮವಾದ ವಿಷ್ಯ, ಕೊಂಪಾದ್ರೆ. ನಂಗೆ ಗೊತ್ತಿರೋದನ್ನೆಲ್ಲ ಎಲ್ಲರ ಮುಂದೆ ಹೇಳಕ್ಕಾಗಲ್ಲ."

ಗಂಭೀರವಾಗಿ ಎದ್ದು ಹೋದ. ಉಳಿದವರು ಕೊಂಬನ್ನು ನೋಡಿದರು. ಆಮೇಲೆ ವೆನಾನ್ಸಿಯೊಗಿಂತ ಮುಂಚೆ ಆ ಕೊಳವೆಯಲ್ಲಿ ಹೀರಿದವನನ್ನು ನೋಡಿದರು. ಅವನು ಕ್ರಿಸ್ಪಿನ್. ಒಬ್ಬೊಬ್ಬರಾಗಿ ಎಲ್ಲರಿಗೂ ತುರ್ತು ಕೆಲಸ ನೆನಪಾಯಿತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಅತ್ತೆಯ ಅಂಗಡಿಗೆ ಬಂತು. ನ್ಯಾ ಎಲೊಡಿಯಾ ಬಸ್ ನಿಲ್ದಾಣದ ಮೂಲೆಯಲ್ಲಿ ಮರದ ಒರಳಿಟ್ಟುಕೊಂಡು ತೆರೆರೆಗೆ ಬೇರು, ಸೊಪ್ಪು ಕುಟ್ಟಿ ಮಾರುತ್ತಿದ್ದಳು.

"ನ್ಯಾ ಎಲೊಡಿಯಾ, ಕ್ರಿಸ್ಪಿನ್ ಕೊಳವೆಗೆ ನಿಮ್ಮಳಿಯ ಬಾಯಿ ಹಾಕಲ್ವಂತೆ?" ಎಂದಳು ಗಿರಾಕಿಯೊಬ್ಬಳು.

"ಅವನು ಮನೇಲೂ ಏನೂ ಹೇಳಿಲ್ಲ ಕಣಮ್ಮ. ಬಾಯಿ ಮುಚ್ಚದೆ ಇರೋನು ಬಾಯಿ ಮುಚ್ಚಿದಾನೆ ಅಂದ್ರೆ ನೀನೇ ತಿಳ್ಕೊ, ಎಂಥಾದ್ದಿರಬೇಕು."

"ಅಯ್ಯೋ! ಏನಂತೆ ರೋಗ?"

"ಹೆಸರಿಲ್ದೇ ಇರೋದು. ಹೆಸರಿದ್ದಿದ್ರೆ ರೇಡಿಯೋದಲ್ಲಿ ಹೇಳ್ತಿರ್ಲಿಲ್ವಾ?"

"ನಮ್ಮೆಜಮಾನ್ರು ನಿನ್ನೆ ಅಲ್ಲೇ ಕುಡಿದ್ರು!"

"ಕುಡಿದ್ರಾ?" ನ್ಯಾ ಎಲೊಡಿಯಾ ಕುಟ್ಟುವುದನ್ನು ನಿಲ್ಲಿಸಿ ಆಕೆಯನ್ನು ಮರುಕದಿಂದ ನೋಡಿದಳು. "ಎರಡು ಕಟ್ಟು ತಗೊಂಡು ಹೋಗು. ಒಂದರಲ್ಲಿ ಬಾಯಿ ಮುಕ್ಕಳಿಸ್ಲಿ. ಇನ್ನೊಂದನ್ನ ದಿಂಬಿನ ಕೆಳಗಿಡು."

ಸಂಜೆಗೆ ಅಂಗಡಿಯಲ್ಲಿ ಸೊಪ್ಪು ಮುಗಿಯಿತು. ಬೇಲಿಯ ಸೊಪ್ಪೂ ಮುಗಿಯಿತು.

ಭಯಕ್ಕೆ ಕಾಲಿಲ್ಲ, ಆದರೂ ಅದು ಎಲ್ಲರಿಗಿಂತ ಮುಂದೆ ನಡೆಯುತ್ತದೆ. ಜನ ತಂತಮ್ಮ ಕೊಳವೆಗಳನ್ನು ಜೇಬಿನಲ್ಲಿಟ್ಟುಕೊಂಡು ತಿರುಗತೊಡಗಿದರು. ಕ್ರಿಸ್ಪಿನ್ ಟೈರಿಗೆ ತುಂಬುವ ಗಾಳಿಯಲ್ಲೂ ರೋಗವಿದೆ, ಅದು ಟ್ಯೂಬಿನೊಳಗೆ ಕೂತು ಮನೆತನಕ ಬರುತ್ತದೆ ಎಂದು ಯಾರೋ ಹೇಳಿದರು. ಪಂಕ್ಚರಾದವರು ಬೈಕನ್ನು ಪಕ್ಕದೂರಿನವರೆಗೆ ತಳ್ಳಿಕೊಂಡು ಹೋದರು. ಕ್ರಿಸ್ಪಿನ್ ಖಾಲಿ ಅಂಗಡಿಯಲ್ಲಿ ಬೈಕಿನ ಕನ್ನಡಿ ಹಿಡಿದು ನಾಲಿಗೆ ಹೊರಗೆ ಹಾಕಿ ಕೂತ. ದಿನವಿಡೀ ನೋಡಿದರೆ ಯಾವ ನಾಲಿಗೆಯಲ್ಲಾದರೂ ಏನಾದರೂ ಕಾಣುತ್ತದೆ. ಅವನಿಗೂ ಕಂಡಿತು.

ನಾಲ್ಕನೆಯ ದಿನ ಪುರಸಭೆ ಎಚ್ಚೆತ್ತಿತು. ಕಾರ್ಯದರ್ಶಿ ಕರಾಯಿ ಅನಸ್ತಾಸಿಯೊ ಒಂದು ಕೈಯಲ್ಲಿ ಆದೇಶ, ಇನ್ನೊಂದರಲ್ಲಿ ಸ್ಪಿರಿಟ್ಟಿನ ಬಾಟಲಿ ಹಿಡಿದು ರೇಡಿಯೊ ಕೋಣೆಗೆ ಬಂದರು. ಬಾಗಿಲ ಹಿಡಿಕೆಯನ್ನು ಒರೆಸಿ ಒಳಗೆ ಬಂದರು. ಒಳಗೆ ಬಂದು ಮತ್ತೆ ಒರೆಸಿದರು.

"ಸಾಮೂಹಿಕ ತೆರೆರೆಗೆ ನಿಷೇಧ. ಇದನ್ನ ನೀವೇ ಓದ್ಬೇಕು, ನಿಮ್ಮ ಬಾಯಲ್ಲೇ ಬಂದ್ರೆ ತೂಕ."

ವೆನಾನ್ಸಿಯೊಗೆ ಬೆವರೊಡೆಯಿತು. "ಕರಾಯಿ, ಅಷ್ಟೆಲ್ಲ ಏನಿಲ್ಲ... ಯಾವ ರೋಗ ಅಂತ ಹಾಕಿದೀರಿ?"

"ಅದನ್ನೇ ನಿಮ್ಮನ್ನ ಕೇಳೋಣ ಅಂತಿದ್ದೆ."

"ನಂಗೇನೂ ಗೊತ್ತಿಲ್ಲ!"

ಕಾರ್ಯದರ್ಶಿಗಳು ಮೆಚ್ಚುಗೆಯಿಂದ ತಲೆದೂಗಿದರು. "ಗುಟ್ಟು ಬಿಡೋರಲ್ಲ ನೀವು. ಜನ ಗಾಬರಿ ಆಗ್ಬಾರ್ದು ಅಂತ ತಾನೇ? ಸರಿ, ರೋಗದ ಜಾಗ ಖಾಲಿ ಬಿಡ್ತೀನಿ."

ವೆನಾನ್ಸಿಯೊ ಓದಿದ. ಓದಿ ಮುಗಿಸಿದ ಮೇಲೆ ಗೆಳೆಯನಿಗೆ ಉಪಕಾರ ಮಾಡೋಣವೆನ್ನಿಸಿ ತಾನಾಗಿ ಒಂದು ಮಾತು ಸೇರಿಸಿದ: "ಈ ಆದೇಶಕ್ಕೂ, ಬಸ್ ನಿಲ್ದಾಣದ ಎದುರು ಮಾವಿನಮರದ ಕೆಳಗಿರುವ ಪಂಕ್ಚರ್ ಅಂಗಡಿಗೂ, ಅದರ ಮಾಲೀಕರ ಬಾಯಿಗೂ ಯಾವ ಸಂಬಂಧವೂ ಇಲ್ಲ."

ಅಲ್ಲಿಯವರೆಗೂ ನಂಬದಿದ್ದ ಒಂದೆರಡು ಮನೆಗಳಿದ್ದವು. ಅವೂ ನಂಬಿದವು.

ಆವತ್ತು ಅರಾಮಿ ಶಾಲೆಯಿಂದ ಅಳುತ್ತ ಬಂದಳು. ದಾರಿಯಲ್ಲಿ ಜ್ಞಾನತಂದೆ ಸಿಕ್ಕರೆ ಕೈಮುಗಿದು ಆಶೀರ್ವಾದ ಬೇಡಬೇಕು. ಅವರು ಗಾಳಿಯಲ್ಲಿ ಶಿಲುಬೆ ಬರೆದು ತಲೆ ಮುಟ್ಟಬೇಕು. ಮಾತು ಕಲಿಯುವ ಮುಂಚೆ ಮಕ್ಕಳು ಇದನ್ನು ಕಲಿತಿರುತ್ತಾರೆ. ಅರಾಮಿ ಕೈಮುಗಿದಳು. ಕ್ರಿಸ್ಪಿನ್ ಎರಡೂ ಕೈ ಜೇಬಿನೊಳಗೆ ಹಾಕಿಕೊಂಡು ಹಿಂದೆ ಸರಿದ.

"ಹತ್ರ ಬರ್ಬೇಡ ಮಗಾ, ಅಂದ್ರು. ಬಾಯಿಗೆ ಬಟ್ಟೆ ಕಟ್ಕೊಂಡಿದ್ರು. ನಾನೇನು ತಪ್ಪು ಮಾಡ್ದೆ?"

ವೆನಾನ್ಸಿಯೊ ಅಡುಗೆಮನೆಗೆ ನುಸುಳಿದ. ಅಲ್ಲಿ ನಿಮಿಯಾ ಖಾಲಿ ಲವಂಗದ ಡಬ್ಬಿ ಹಿಡಿದು ನಿಂತಿದ್ದಳು.

"ಬಾಯಿ ತೆಗಿ."

"ಯಾಕೆ?"

"ಇಡೀ ಡಬ್ಬಿ ಲವಂಗ ನಿನ್ನ ಉಸಿರಲ್ಲಿದೆ. ತೆಗಿ ಬಾಯಿ. ಊರಿಗೆಲ್ಲ ತೆಗೀರಿ ತೆಗೀರಿ ಅಂತೀಯಲ್ಲ."

ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿ ಬಾಯಿ ತೆರೆದ. ನಿಮಿಯಾ ಟಾರ್ಚ್ ಹಾಕಿ ಇಣುಕಿದಳು.

"ದೇವರೇ. ಇಲ್ಲಿ ಗುಬ್ಬಿ ಗೂಡು ಕಟ್ಟಬಹುದು."

"ನಿಧಾನ... ಅತ್ತೆಗೆ ಕೇಳ್ಸತ್ತೆ."

"ಕೇಳ್ಸಲಿ! ಇದಕ್ಕಾ ನೀನು ತೆರೆರೆ ಬಿಟ್ಟಿದ್ದು? ಇದಕ್ಕಾ ಕ್ರಿಸ್ಪಿನ್ ಬೇರೆ ತಟ್ಟೇಲಿ ಉಣ್ತಿರೋದು? ಮಕ್ಕಳಿಗೆ ಅಂಟತ್ತೆ ಅಂತ ಅಂಗಡಿ ಟೈರುಗಳ ಮೇಲೆ ಮಲಗ್ತಿದಾನಂತೆ, ಗೊತ್ತಾ ನಿಂಗೆ? ಸಾಯ್ತೀನಿ ಅಂತ ಪಾದ್ರಿ ಹತ್ರ ಪಾಪನಿವೇದನೆ ಮಾಡ್ಕೊಂಡು ಬಂದನಂತೆ. ನಿನ್ನ ಒಂದು ಹಲ್ಲಿಗೆ!"

"ನಿಮಿಯಾ, ಆ ಕುರ್ಚಿ..."

"ಇವತ್ತು ನೀನು ಹೋಗಿ ಅವನಿಗೆ ನಿಜ ಹೇಳು. ಇಲ್ಲಾಂದ್ರೆ ನಾಳೆ ರೇಡಿಯೋದಲ್ಲಿ ನಾನೇ ಹೇಳ್ತೀನಿ. ಒಗ್ಗರಣೆ ಸಮೇತ."

ವೆನಾನ್ಸಿಯೊ ಹೊರಟ. ಆದರೆ ಮನುಷ್ಯನಿಗೆ ನಿಜ ಹೇಳಲು ಕಳಿಸಿದರೆ, ಅವನು ದಾರಿಯಲ್ಲಿ ಅದಕ್ಕಿಂತ ಸುಲಭದ್ದೊಂದನ್ನು ಹುಡುಕಿಕೊಳ್ಳುತ್ತಾನೆ. ಎಲ್ಲರೆದುರು ಕ್ರಿಸ್ಪಿನ್‌ನ ಕೊಂಬಿನಿಂದ ಒಂದೇ ಒಂದು ಸಲ ಕುಡಿದುಬಿಟ್ಟರೆ? ಅಂಟುರೋಗದ ಮಾತು ಅಲ್ಲಿಗೇ ಸಾಯುತ್ತದೆ. ಹಲ್ಲಿನ ಗುಟ್ಟು ಉಳಿಯುತ್ತದೆ. ಕುರ್ಚಿ ತಪ್ಪುತ್ತದೆ.

"ಕೊಂಪಾದ್ರೆ, ಕೊಂಬು ತೆಗಿ," ಎಂದ ಅಂಗಡಿಗೆ ಹೋಗಿ, ಬೀದಿಗೆಲ್ಲ ಕೇಳುವಂತೆ.

ಬಾಯಿಗೆ ಬಟ್ಟೆ ಕಟ್ಟಿದ್ದ ಕ್ರಿಸ್ಪಿನ್ ಹಿಂದೆ ಹಾರಿದ. "ಬೇಡ ಕೊಂಪಾದ್ರೆ! ನಿಂಗೆ ಹೆಂಡ್ತಿ ಮಗು ಇದಾರೆ."

"ನಿನ್ನ ಬಾಯಿಗೆ ಏನೂ ಆಗಿಲ್ಲ. ಸುರಿ. ಮೊದಲು ನೀನು ಕುಡಿ, ಆಮೇಲೆ ನಂಗೆ ಕೊಡು."

ಬಸ್ಸಿಗೆ ಕಾದಿದ್ದವರು ಬಸ್ಸು ಬಿಟ್ಟರು. ನ್ಯಾ ಎಲೊಡಿಯಾ ಒರಳಿನ ಒನಕೆ ಹಿಡಿದೇ ಓಡಿ ಬಂದಳು. ಕಾರ್ಯದರ್ಶಿಗಳು ಬಾಟಲಿಯೊಂದಿಗೆ ಬಂದರು. ಕ್ರಿಸ್ಪಿನ್ ಬಟ್ಟೆ ಸರಿಸಿ, ತಾನೊಮ್ಮೆ ಕುಡಿದು, ಮತ್ತೆ ತುಂಬಿದ.

"ಐಸ್ ಹಾಕ್ಲಾ?"

ವೆನಾನ್ಸಿಯೊ ಸುತ್ತ ನೋಡಿದ. ಎಲ್ಲರೂ ನೋಡುತ್ತಿದ್ದರು. ಬೆಚ್ಚಗಿನ ತೆರೆರೆ ಕೇಳಿದರೆ ಹುಚ್ಚು ಹಿಡಿದಿದೆ ಎನ್ನುತ್ತಾರೆ.

"ಹಾಕು," ಎಂದ. "ಜಾಸ್ತೀನೇ ಹಾಕು."

ಹೀರಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಅವನ ಕಣ್ಣುಗುಡ್ಡೆ ಮೇಲೆ ಹೋಯಿತು, ಬೆಂಚು ಒಂದು ಕಡೆ ಹೋಯಿತು, ಅವನು ಇನ್ನೊಂದು ಕಡೆ ಟೈರುಗಳ ರಾಶಿಯ ಮೇಲೆ ಬಿದ್ದ. ಬಾಯಿಂದ ಹೊರಟದ್ದು ಮಾತಲ್ಲ, ಊಳು.

"ಒಂದೇ ಗುಟುಕು!" ಎಂದು ಯಾರೋ ಕಿರುಚಿದರು.

"ಕೊಂದೆ!" ಕ್ರಿಸ್ಪಿನ್ ತಲೆ ಚಚ್ಚಿಕೊಂಡ. "ನನ್ನ ಕೊಂಪಾದ್ರೇನ ನಾನೇ ಕೊಂದೆ!"

"ಯಾರೂ ಮುಟ್ಟಬೇಡಿ!" ಕಾರ್ಯದರ್ಶಿಗಳು ದೂರದಿಂದ ಸ್ಪಿರಿಟ್ ಎರಚಿದರು. ಅದು ವೆನಾನ್ಸಿಯೊನ ಕಣ್ಣಿಗೆ ಬಿತ್ತು. ಊಳು ಎರಡರಷ್ಟಾಯಿತು.

"ಎತ್ತಿ ಗಾಡಿಗೆ ಹಾಕ್ರೋ, ಜೀವ ಇದೆ!" ಎಂದಳು ಅತ್ತೆ. "ಬಾಯಿಂದ ಬಂದ ರೋಗ, ಬಾಯಿ ಡಾಕ್ಟರಮ್ಮನ ಹತ್ರಾನೇ ನಡೀರಿ!"

ಆ ಮಾತು ಕಿವಿಗೆ ಬಿದ್ದದ್ದೇ ವೆನಾನ್ಸಿಯೊ ಎದ್ದು ಓಡಲು ನೋಡಿದ. ಪ್ರಾಣ ಹೋಗುವಾಗಿನ ಒದ್ದಾಟವೆಂದು ತಿಳಿದು ಜನ ಅವನನ್ನು ಇನ್ನೂ ಬಿಗಿಯಾಗಿ ಹಿಡಿದರು. ಸಾಮಾನು ಸಾಗಿಸುವ ಮೂರುಗಾಲಿ ಬೈಕಿನಲ್ಲಿ ಮಲಗಿಸಿ, ಅವನು ಇಷ್ಟು ವರ್ಷ ನಡೆಯದೆ ತಪ್ಪಿಸಿಕೊಂಡಿದ್ದ ರಸ್ತೆಬದಿಯಲ್ಲೇ ಕರೆದೊಯ್ದರು. ಮೇಲೆ ಜೀರುಂಡೆಗಳು ಕೊರೆಯುತ್ತಿದ್ದವು.

ಕುರ್ಚಿ ಅವನು ಹೆದರಿದ್ದಕ್ಕಿಂತ ದೊಡ್ಡದಾಗಿತ್ತು. ಡಾಕ್ಟರಮ್ಮ ಸುನಿಲ್ದಾ ಚಿಕ್ಕ ಗಾತ್ರದ, ಅವಸರವಿಲ್ಲದ ಹೆಂಗಸು. ಜನರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ತಲೆಗಳೆಲ್ಲ ಕಿಟಕಿಗೆ ಬಂದವು, ಗಾಜು ಎಳೆದರು. ಲೈಟು ತಿರುಗಿಸಿ ಒಳಗೆ ನೋಡಿದರು.

"ಕರಾಯಿ ವೆನಾನ್ಸಿಯೊ, ನನ್ನ ಹಾಳೆಗಳನ್ನ ಓದೋರು ನೀವೇ ಅಲ್ವಾ?"

ಅವನು ತಲೆಯಾಡಿಸಿದ. ಕಣ್ಣಂಚಿನಿಂದ ನೀರು ಕಿವಿಗೆ ಹರಿಯಿತು.

"ಓದಿದ್ದು ಕೇಳಿಸ್ಕೊಂಡಿಲ್ಲ ಅಂತ ಕಾಣತ್ತೆ. ಇದನ್ನ ಇನ್ನು ಉಳಿಸಕ್ಕಾಗಲ್ಲ, ತೆಗೀಬೇಕು." ಆಮೇಲೆ ದನಿ ತಗ್ಗಿಸಿದರು. "ನೋಡಿ, ನಿಮ್ಮ ಮರ್ಯಾದೆ ನಂಗೂ ಬೇಕು. ನೀವು ಕೂಗಿದ್ಮೇಲೇ ಜನ ಬ್ರಷ್ ಕೊಳ್ತಿರೋದು. ಸೆಖೆಗೆ ತಲೆ ತಿರುಗಿತು ಅಂತ ಹೊರಗೆ ಹೇಳ್ತೀನಿ. ಹಲ್ಲಿನ ಕತೆ ನಮ್ಮಿಬ್ಬರಲ್ಲೇ ಇರ್ಲಿ."

ಆ ಕುರ್ಚಿಯ ಮೇಲೆ ಇಷ್ಟು ಒಳ್ಳೆಯ ಮಾತು ಕೇಳಬಹುದೆಂದು ವೆನಾನ್ಸಿಯೊ ಎಣಿಸಿರಲಿಲ್ಲ. ಒಪ್ಪಿಕೊಳ್ಳಲು ಕತ್ತು ಅಲುಗಿಸುವಷ್ಟರಲ್ಲಿ ಕಿಟಕಿಯ ತಲೆಗಳ ಸಂದಿಯಲ್ಲಿ ರಸ್ತೆಯ ಆಚೆ ಬದಿ ಕಾಣಿಸಿತು. ಅಲ್ಲಿ ಕ್ರಿಸ್ಪಿನ್ ಒಬ್ಬನೇ ನಿಂತಿದ್ದ, ಬಾಯಿಗೆ ಬಟ್ಟೆ ಕಟ್ಟಿಕೊಂಡು. ಈಚೆ ಬದಿಯಲ್ಲಿ ಅರಾಮಿ ಅವನತ್ತ ಕೈಮುಗಿದು ನಿಂತಿದ್ದಳು. ಅವನ ಕೈಗಳು ಜೇಬಿನಲ್ಲಿದ್ದವು.

"ಕಿಟಕಿ ತೆಗೀರಿ," ಎಂದ ವೆನಾನ್ಸಿಯೊ.

"ಯೋಚಿಸಿ."

"ಯೋಚಿಸಿದ್ರೆ ಹೇಳಕ್ಕಾಗಲ್ಲ. ತೆಗೀರಿ."

ಗಾಜು ಸರಿಯಿತು. ವೆನಾನ್ಸಿಯೊ ಕುರ್ಚಿಯ ಕೈಗಳನ್ನು ಹಿಡಿದು ರೇಡಿಯೊ ದನಿಯಲ್ಲಿ ಶುರುಮಾಡಿದ. ಅರ್ಧಕ್ಕೆ ಬರುವಾಗ ಅದು ಅವನದೇ ದನಿಯಾಗಿತ್ತು.

"ಊರಿನವರೇ! ಕ್ರಿಸ್ಪಿನ್ ಬಾಯಿಗೆ ಯಾವ ರೋಗಾನೂ ಇಲ್ಲ! ಕೆಟ್ಟಿರೋದು ನನ್ನ ಹಲ್ಲು! ತಣ್ಣೀರು ತಾಗಿದ್ರೆ ಜೀವ ಹೋಗತ್ತೆ, ಅದಕ್ಕೇ ಕೊಂಬು ಬೇಡ ಅಂದೆ. ಈ ಕುರ್ಚಿ ಮೇಲೆ ಹುಟ್ಟಿದಾಗಿನಿಂದ ಕೂತಿಲ್ಲ. ಯಾಕಂದ್ರೆ... ಹೆದರಿಕೆ. ನಂಗೆ ಹೆದರಿಕೆ. ಈಗ್ಲೂ."

ಕಾರ್ಯದರ್ಶಿಗಳು ಬಾಟಲಿಯನ್ನು ಮೆಲ್ಲಗೆ ಜೇಬಿಗಿಳಿಸಿದರು. "ಹಾಗಾದ್ರೆ ಆದೇಶ?" ಎಂದು ಯಾರನ್ನೋ ಕೇಳಿದರು.

"ಹಂದಿದೊಡ್ಡಿ!" ಎಂದಳು ನ್ಯಾ ಎಲೊಡಿಯಾ ಸ್ಪಷ್ಟವಾಗಿ, ಮೂರೂ ಹಲ್ಲು ಕಾಣುವಂತೆ. ನಗು ಚರ್ಚಿನ ಗೋಡೆಯವರೆಗೂ ಹೋಯಿತು.

ಕ್ರಿಸ್ಪಿನ್ ಬಟ್ಟೆ ಕಿತ್ತೆಸೆದು ರಸ್ತೆ ದಾಟಿ ಒಳಗೆ ನುಗ್ಗಿದ. "ಲೋ! ಟೈರ್ ಮೇಲೆ ಮಲಗಿ ಸೊಂಟ ಬಿದ್ದೋಗಿದೆ! ಪಾದ್ರಿಗೆ ಬೇಡದ್ದೆಲ್ಲ ಹೇಳ್ಬಿಟ್ಟಿದೀನಿ! ನಿನ್ನ..." ಡಾಕ್ಟರಮ್ಮನ ಕೈಯಲ್ಲಿದ್ದ ಸೂಜಿ ಕಂಡು ಅಲ್ಲಿಗೇ ನಿಂತ. ವೆನಾನ್ಸಿಯೊ ಅವನತ್ತ ಕೈ ಚಾಚಿದ್ದ. ಮುಖ ಸುಣ್ಣದಂತಿತ್ತು. ಕ್ರಿಸ್ಪಿನ್ ಬೈಗುಳವನ್ನು ಬಾಕಿಯಿಟ್ಟು ಕೈ ಹಿಡಿದುಕೊಂಡ.

ಮುಂದಿನದರಲ್ಲಿ ಹೇಳುವಂಥದ್ದೇನೂ ಇಲ್ಲ. ಕ್ರಿಸ್ಪಿನ್‌ನ ಬೆರಳುಗಳು ನಜ್ಜುಗುಜ್ಜಾದವು. ವೆನಾನ್ಸಿಯೊ ಬರಲಿರುವ ನೋವಿಗೆ ಕಾಯುತ್ತಿದ್ದ. ಕಾಯುತ್ತಿರುವಾಗಲೇ ತಟ್ಟೆಯಲ್ಲಿ ಟಣ್ ಎಂದು ಸದ್ದಾಯಿತು. ಬಗ್ಗಿ ನೋಡಿದ. ಮೆಕ್ಕೆಜೋಳದ ಕಾಳಿಗಿಂತ ಒಂಚೂರು ದೊಡ್ಡದು. ಇಡೀ ಊರನ್ನು ಅಲ್ಲಾಡಿಸಿದ್ದು ಇಷ್ಟೇ.

ಡಾಕ್ಟರಮ್ಮ ಹತ್ತಿ ತುರುಕಿ ಬಾಯಿ ಮುಚ್ಚಿಸಿದರು. ಅಷ್ಟರಲ್ಲಿ ಯಾರೋ ಕೊಂಬು ತಂದರು. ಕ್ರಿಸ್ಪಿನ್ ಮಂಜುಗಡ್ಡೆ ತೆಗೆದು, ನೀರು ಬೆಚ್ಚಗೆ ಮಾಡಿಸಿ, ಎಲ್ಲರೆದುರು ತಾನು ಕುಡಿದು ಮುಂದೆ ಚಾಚಿದ. "ತಗೋ ಕೊಂಪಾದ್ರೆ. ಹಳೇದೆಲ್ಲ ಮರೆತುಬಿಡೋಣ."

"ಕೊಳವೆಗೆ ಬಾಯಿ ಹಾಕ್ಬಾರ್ದು," ಎಂದರು ಡಾಕ್ಟರಮ್ಮ. "ಹಲ್ಲು ಕಿತ್ತ ಮೇಲೆ ಹೀರಿದ್ರೆ ಗಾಯದ ಹೆಪ್ಪು ಕಿತ್ತು ಬರತ್ತೆ. ಒಂದು ವಾರ ತೆರೆರೆಯೇ ಇಲ್ಲ. ಈ ವಾರದ ಹಾಳೆಯಲ್ಲಿ ಇದನ್ನೇ ಬರೀತೀನಿ, ಓದಿ."

ವೆನಾನ್ಸಿಯೊನ ಕಣ್ಣು ಮತ್ತೆ ತುಂಬಿತು. ಕ್ರಿಸ್ಪಿನ್ ಕೊಂಬನ್ನು ನೋಡಿದ, ಗೆಳೆಯನ ಊದಿದ ಕೆನ್ನೆಯನ್ನು ನೋಡಿದ. "ಒಂದು ವಾರ ನಾನೂ ಕುಡಿಯಲ್ಲ ಬಿಡು," ಎಂದು ನೀರನ್ನು ಕಿಟಕಿಯಾಚೆ ಚೆಲ್ಲಿದ. ಅದು ಕಾರ್ಯದರ್ಶಿಗಳ ಮೇಲೆ ಬಿತ್ತು.

ಅರಾಮಿ ಬಾಗಿಲಲ್ಲಿ ಕೈಮುಗಿದು ನಿಂತಿದ್ದಳು. ಕ್ರಿಸ್ಪಿನ್ ನಜ್ಜಿದ ಬೆರಳುಗಳಿಂದ ಗಾಳಿಯಲ್ಲಿ ಶಿಲುಬೆ ಬರೆದು ಅವಳ ತಲೆ ಮುಟ್ಟಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೈ ಅಲ್ಲೇ ಇಟ್ಟಿದ್ದ.

"ಸರಿ, ಬಂದದ್ದೇ ಬಂದ್ರಿ," ಎಂದು ಡಾಕ್ಟರಮ್ಮ ಖಾಲಿ ಕುರ್ಚಿಯನ್ನು ತಟ್ಟಿದರು. "ಕೂತ್ಕೊಳ್ಳಿ ಕ್ರಿಸ್ಪಿನ್. ನಿಮ್ಮ ಬಾಯಿ ಚೆನ್ನಾಗಿದೆ ಅಂತ ನಾನೇ ನೋಡಿ ಊರಿಗೆ ಹೇಳ್ತೀನಿ. ಹೊರಗಿರೋರೂ ಅಷ್ಟೇ, ಒಬ್ಬೊಬ್ಬರಾಗಿ ಬನ್ನಿ."

ಕಿಟಕಿಯಲ್ಲಿ ಒಂದು ತಲೆಯೂ ಇರಲಿಲ್ಲ. ಬೀದಿಯಲ್ಲಿ ಓಡುವ ಚಪ್ಪಲಿಗಳ ಸದ್ದು ಕೇಳಿತು. ಎಲ್ಲಕ್ಕಿಂತ ಮುಂದೆ ಅತ್ತೆಯದು.

ಕ್ರಿಸ್ಪಿನ್ ಕುರ್ಚಿಯನ್ನು ನೋಡಿದ. ತಟ್ಟೆಯಲ್ಲಿದ್ದ ಇಕ್ಕಳವನ್ನು ನೋಡಿದ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟು, ಬಹಳ ಮರ್ಯಾದೆಯಿಂದ ತಲೆಬಾಗಿ ಹೇಳಿದ:

"ಗ್ರಾಸಿಯಾಸ್."

ವೆನಾನ್ಸಿಯೊನ ಬಾಯಲ್ಲಿ ಹತ್ತಿ ಇತ್ತು. ಮಾತಾಡುವಂತಿರಲಿಲ್ಲ. ಅವನು ಹೋಗಿ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದ.